ಸುಂಟಿಕೊಪ್ಪದ ಆಸ್ಟ್ರೇಲಿಯಾ

ನಿವೃತ್ತಿಯ ವರ್ಷ ಆಸ್ಟ್ರೇಲಿಯಾ ತೋರಿಸುತ್ತೇನೆ ಅಂದಿದ್ದವರು
ಸುಂಟಿಕೊಪ್ಪದಲ್ಲಿ ಕೈಹಿಡಿದು ಬಸ್ಸಿಳಿಸಿದರು.
ದುಡ್ಡು ಮನೆಯ ಸೂರಿಗೆ ಹೋಯಿತು. ಉಳಿದದ್ದು
ಒಂದು ಕ್ರಿಸ್‌ಮಸ್ ರಜೆ, ಎರಡು ಸ್ವೆಟರು,
ಪಿರಿಯಾಪಟ್ಟಣದಿಂದ ಕಟ್ಟಿ ತಂದ ಚಿತ್ರಾನ್ನ.

ಇಪ್ಪತ್ತಾರು ವರ್ಷ ಏಳನೇ ಕ್ಲಾಸಿನ ಕಪ್ಪುಹಲಗೆಯ ಮೇಲೆ
ನಾನು ಬರೆದ ಖಂಡ ಅದು,
ಮಗು ಅಲ್ಲಲ್ಲಿ ಕಚ್ಚಿಬಿಟ್ಟ ರೊಟ್ಟಿಯ ಹಾಗೆ.
ಕೆಳಗೆ ಉದುರಿದ ಚೂರು ಟಾಸ್ಮೇನಿಯಾ.
ಅಲ್ಲಿ ಈಗ ಬೇಸಿಗೆ ಮಕ್ಕಳೇ, ಅನ್ನುತ್ತಿದ್ದೆ
ಸೆರಗಿಗೆ ಬೆರಳ ಸುಣ್ಣ ಒರೆಸಿಕೊಳ್ಳುತ್ತ.

ತೋಟದ ಅಂಚಿನಲ್ಲಿ ತಗಡಿನ ಗೇಟು. ತಲೆಗೆ ಐವತ್ತು.
ಹಂಝಾಕ ಬೀಗ ತೆಗೆದು ಒಳಗೆ ಬಿಟ್ಟ.
ಲವ್‌ಬರ್ಡ್ಸ್ ಅಂದರು ಇವರು. ಅಲ್ಲ ಸಾರ್, ಬಡ್ಜಿ,
ಇದರ ಅಜ್ಜನಜ್ಜ ಅಲ್ಲಿಯದು, ಅಂದ ಹಂಝಾಕ.
ಬಿಳಿ ಕಾಕಟೂ ಜುಟ್ಟು ನಿಮಿರಿಸಿ ನನ್ನನ್ನು
‘ಚಾಯ ಕುಡಿಚ್ಚೋ?’ ಎಂದು ಮಲಯಾಳದಲ್ಲಿ ವಿಚಾರಿಸಿತು.

ಆಮೇಲೆ ಎಮು.
ಮೊಟ್ಟೆಗೆ ಸಾವಿರ ಸಿಗುತ್ತದೆಂದು ಸಾಕಿ
ಕೈಸುಟ್ಟುಕೊಂಡವರು ರಾತ್ರೋರಾತ್ರಿ ಬಿಟ್ಟುಹೋದದ್ದಂತೆ.
ಹೆಣ್ಣು ಬೇಲಿಯ ಮೇಲಿಂದ ಕತ್ತು ಚಾಚಿ
ನನ್ನ ಸ್ವೆಟರಿನ ಎರಡನೇ ಗುಂಡಿ ಕಿತ್ತು ನುಂಗಿತು,
ಗಂಟಲೊಳಗೆ ಮದ್ದಳೆ ಬಾರಿಸಿತು.

ಗಂಡು ಎಲ್ಲಿ?
ಹಂಝಾಕ ಸೋಗೆಯ ಮಾಡಿನ ಕತ್ತಲೆಗೆ ಕೈತೋರಿದ.
ಹಸಿರು ಮೊಟ್ಟೆ ಇಟ್ಟು ಇವಳು ಎದ್ದುಬಿಡುತ್ತಾಳೆ ಟೀಚರೇ,
ಕಾವಿಗೆ ಕೂರುವವನು ಅವನು. ಎಂಟು ವಾರ.
ಮೇವಿಲ್ಲ, ನೀರೂ ಅಷ್ಟಕ್ಕಷ್ಟೆ. ಮುಟ್ಟಿ ನೋಡಿ, ಬರೀ ಎಲುಬು.

ಯಾರೂ ಮುಟ್ಟಲಿಲ್ಲ.
ಇವರು ತಂತಿಗೆ ಹಣೆಯಾನಿಸಿ ನಿಂತೇ ಇದ್ದರು,
ಒಂಬತ್ತು ತಿಂಗಳ ಕೂಸನ್ನು ಬಿಟ್ಟು
ನಾನು ಬಿ.ಎಡ್‌ಗೆ ಮೈಸೂರಿಗೆ ಹೋದ ವರ್ಷ
ಕಂಬ ಹತ್ತುವ ಕೆಲಸಕ್ಕೆ ಸಂಬಳವಿಲ್ಲದ ರಜೆ ಬರೆದುಕೊಟ್ಟು
ರಾಗಿ ಮಣ್ಣಿ ಕಾಯಿಸಿದ ಲೈನ್‌ಮನ್ ಜವರಯ್ಯ.
ಅದರ ಮಾತು ಆಗಲೂ ಆಡಿರಲಿಲ್ಲ, ಈಗಲೂ ಇಲ್ಲ.
ನಡಿ, ಹೊಟ್ಟೆ ಹಸೀತಿದೆ, ಅಂದರು.

ಚಿತ್ರಾನ್ನ ಬಿಚ್ಚಿದ್ದು ಬೊಳ್ಳವ್ವನ ಅಂಗಡಿ ಜಗಲಿಯಲ್ಲಿ.
ಸಾಲಾಗಿ ಭರಣಿ, ಬಾಯಿಗೆ ಬಿಳಿ ಬಟ್ಟೆ,
ಕಿತ್ತಳೆ, ನೆಲ್ಲಿ, ಶುಂಠಿ, ವೀಳ್ಯದೆಲೆಯದೂ ಒಂದು.
ಕಾಫಿ ಕುಯ್ಯುವವರ ಕೂಗು ಇಳಿಜಾರಿನಿಂದ ಹತ್ತಿ ಬರುತ್ತಿತ್ತು.
ಕುಡಿಯುವುದಿಲ್ಲ ನಾನು, ಅಂದೆ.
ಕುಡಿ ಅಂದವರ್ಯಾರು, ರುಚಿ ನೋಡು, ಅಂದಳು.

ವೀಳ್ಯದೆಲೆಯದು ಮದುವೆಮನೆಯ ಹಾಗೆ ಬಂದು ಹೋಯಿತು.
ನೆಲ್ಲಿಯದು ಮೊದಲು ಮುನಿಸು, ನೀರು ಕುಡಿದ ಮೇಲೆ ಸಿಹಿ.
ಕೊನೆಗೆ ಸೂಜಿಮೆಣಸಿನದು. ಪರಂಗಿ ಮಾಲು ಅಂತೀವಿ, ಅಂದಳು,
ಹಡಗು ಹತ್ತಿ ಬಂದದ್ದು, ಈಗ ನಮ್ಮ ಹಂದಿಕರಿಗೆ ಇದೇ ಬೇಕು.
ಮೂರೇ ಗುಟುಕು.
ಕಿವಿಯವರೆಗೆ ಭೂಮಧ್ಯರೇಖೆ ಸುಟ್ಟಿತು.

ಆ ಮರ ಎಲ್ಲಿಯದು, ಕೇಳಿದೆ, ಏನಾದರೂ ಕೇಳಬೇಕೆಂದು.
ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ತೋಟದ ತುಂಬ ನಿಂತಿದ್ದ
ಬೆಳ್ಳನೆ ಬೆನ್ನೆಲೆಯ ಸಿಲ್ವರ್ ಓಕು.
ಅದಾ? ಅದೂ ಆಸ್ಟ್ರೇಲಿಯಾದ್ದೇ. ಯಾರೋ ದೊರೆ ತಂದನಂತೆ.
ಇಷ್ಟು ವರ್ಷ ಪಾಠ ಮಾಡಿದೆನಲ್ಲ,
ಬಸ್ಸಿನ ಕಿಟಕಿಯಲ್ಲಿ ದಿನವೂ ಓಡುತ್ತಿತ್ತು ನನ್ನ ಖಂಡ.
ನಗು ಬಂತು. ನಿಲ್ಲಲಿಲ್ಲ.
ಇವರು ಗಾಬರಿಯಾಗಿ ನನ್ನ ಲೋಟ ಕಸಿದುಕೊಂಡರು.

ಸಂಜೆಯ ಬಸ್ಸು. ಮಂಜು ಇಳಿಯುತ್ತಿತ್ತು.
ಕೊಂಡ ಒಂದೇ ಬಾಟಲಿಗೆ ತಮ್ಮ ಸ್ವೆಟರು ಸುತ್ತಿ
ಮೊಣಕಾಲ ನಡುವೆ ಇಟ್ಟುಕೊಂಡು ಬಾಗಿ ಕೂತರು.
ಕುಶಾಲನಗರದಲ್ಲಿ ಹತ್ತು ನಿಮಿಷ ನಿಲ್ಲಿಸಿದಾಗಲೂ
ಟೀಗೆ ಇಳಿಯಲಿಲ್ಲ.