ಇಪ್ಪತ್ತೊಂಬತ್ತು, ತುಸು ಮ್ಯಾಲೆ

ಟೈರ್ ಅಂಗಡಿಯ ಮೇಲಿನ ಕೋಚಿಂಗಿಗೆ
ಹತ್ತುವ ಮೆಟ್ಟಿಲಿನ ಗೋಡೆ ತುಂಬ
ಮೂಲವ್ಯಾಧಿಗೆ ಆಪರೇಷನ್ ಇಲ್ಲದ ಚಿಕಿತ್ಸೆಯ ಪೋಸ್ಟರು.
ಹಾಗಾಗಿ ಖಾಸಿಂಪೀರ ಸರ್ ಮೊದಲ ದಿನ
ಬೋರ್ಡಿನ ಮೇಲೆ ‘ವರ್ಗಮೂಲ’ ಎಂದು ಬರೆದಾಗ
ಹಿಂದಿನ ಬೆಂಚು ಬಿದ್ದು ಬಿದ್ದು ನಕ್ಕಿತು.
ಸರ್ ಕೂಡ ನಕ್ಕರು. ಆಮೇಲೆ ಚಾಕ್ ಮುರಿದು ಅಂದರು:
ನೂರು ಪ್ರಶ್ನೆ, ತೊಂಬತ್ತು ನಿಮಿಷ,
ಒಂದಕ್ಕ ಐವತ್ನಾಕು ಸೆಕೆಂಡ್.
ಮೂಲದ ತನಕ ಅಗಿಯಾಕ ಹೋದ್ರ
ಸಂಜೀತನಕ ಅಲ್ಲೇ ಕುಂದ್ರತೀರಿ.
ಉತ್ತರ ನಾಕು ಅದಾವು, ಅವರೇ ಕೊಟ್ಟಾರ.
ನೀವು ಹುಡುಕೂದಲ್ಲ, ಮೂರನ್ನ ಹೊರಗ ಹಾಕೂದು.

ನಾಲ್ಕು ಸಾವಿರದ ನಾನೂರ ಎಂಬತ್ತೊಂಬತ್ತು:
ಅರವತ್ತರ ವರ್ಗಕ್ಕಿಂತ ದೊಡ್ಡದು, ಎಪ್ಪತ್ತರದಕ್ಕಿಂತ ಸಣ್ಣದು.
ಬಾಲಕ್ಕೆ ಒಂಬತ್ತು, ಅಂದರೆ ಮೂರೋ ಏಳೋ.
ಅರವತ್ತೈದರ ವರ್ಗ ಬಾಯಿಪಾಠ, ಅದನ್ನೂ ದಾಟಿದೆ.
ಅರವತ್ತೇಳು.
ಮುಂದಿನದು.

ನನಗದು ಕಳ್ಳತನವೆನಿಸುತ್ತಿತ್ತು.
ಅಂಕಿಗಳನ್ನು ಜೋಡಿ ಜೋಡಿ ಕಟ್ಟಿ, ಗೆರೆ ಎಳೆದು, ಭಾಗಿಸಿ
ಪುಟ ತುಂಬಿಸುತ್ತಿದ್ದವಳು ನಾನು;
ಉತ್ತರ ತಪ್ಪಿದರೂ ವಿಧಾನಕ್ಕೆ ಎರಡು ಅಂಕ ಸಿಕ್ಕ ಕಾಲ.

ರಾಯಚೂರಿನ ಹತ್ತಿ ಮಾರುಕಟ್ಟೆಗೆ ಬುತ್ತಿ ಒಯ್ದಾಗ
ಇದನ್ನು ನರಸಪ್ಪ ಮಾವನ ಮುಂದೆ ಹೇಳಿದೆ.
ಅವನು ಅಂಡಿಗೆಯೊಳಗೆ ಮೊಣಕೈತನಕ ಕೈ ಇಳಿಸಿ
ಒಂದು ಹಿಡಿ ಕಿತ್ತು, ಬೀಜ ಬಿಡಿಸಿ,
ಎರಡು ಹೆಬ್ಬೆಟ್ಟಿನ ನಡುವೆ ಎಳೆದ, ಕೂಡಿಸಿದ, ಮತ್ತೆ ಎಳೆದ.
ಬಾಚಿದ ಕೂದಲಿನಂತೆ ಎಳೆ ನೆಟ್ಟಗಾದವು.
ಉಗುರಿನ ಮೇಲಿಟ್ಟು ಕಣ್ಣು ಕಿರಿದು ಮಾಡಿ
‘ಇಪ್ಪತ್ತೊಂಬತ್ತು, ತುಸು ಮ್ಯಾಲೆ’ ಎಂದ.
ದಲಾಲಿ ಬರೆದುಕೊಂಡ.
ಮಿಲ್ಲಿನ ಮಷಿನ್ನು ಸಂಜೆ ಹೇಳಿದ್ದು:
ಇಪ್ಪತ್ತೊಂಬತ್ತು ಪಾಯಿಂಟ್ ಎರಡು ಮಿಲಿಮೀಟರ್.

‘ಹಂಗಾರ ನೀನೂ ಕಳ್ಳ ಏನು ಮಾವ?’
ಬುತ್ತಿಯ ಗಂಟು ಬಿಚ್ಚುತ್ತ ಅಂದ:
‘ಮೊದಲ ಹತ್ತು ವರ್ಷ ತಪ್ಪೇ ಹೇಳೀನಿ.
ಸೇಟು ಬೈದದ್ದೆಲ್ಲ ಈ ಬೆಟ್ಟಿನ್ಯಾಗ ಐತಿ.’

ಪರೀಕ್ಷೆಯ ದಿನ ತಲೆಯ ಮೇಲೆ ಫ್ಯಾನು
ಬಿಸಿಗಾಳಿಯನ್ನೇ ಸಮನಾಗಿ ಹಂಚುತ್ತಿತ್ತು.
ಅರವತ್ತೆರಡನೇ ಪ್ರಶ್ನೆ: ಎಂಟುನೂರ ಐವತ್ತರ ವರ್ಗಮೂಲ.
ಇಪ್ಪತ್ತೊಂಬತ್ತರ ವರ್ಗ ಎಂಟುನೂರ ನಲವತ್ತೊಂದು,
ಮೂವತ್ತರದು ಒಂಬೈನೂರು.
ನಡುವಿನ ಐವತ್ತೊಂಬತ್ತು ಮೆಟ್ಟಿಲಲ್ಲಿ
ಹತ್ತಿದ್ದು ಬರೀ ಒಂಬತ್ತು.
ನನಗರಿಯದೆ ಹೆಬ್ಬೆಟ್ಟು ತೋರುಬೆರಳನ್ನು ತಿಕ್ಕುತ್ತಿತ್ತು,
ನಡುವೆ ಏನೋ ಎಳೆ ಇದ್ದಂತೆ.
ತುಸು ಮ್ಯಾಲೆ.
‘ಬಿ’ ವೃತ್ತ ಕಪ್ಪಾಯಿತು. ಹನ್ನೊಂದು ಸೆಕೆಂಡ್.

ಉಳಿದ ನಲವತ್ಮೂರನ್ನು
ತೊಂಬತ್ತೊಂದನೆಯದಕ್ಕೆ ಕೊಟ್ಟೆ.
ಅಲ್ಲಿ ‘ಸಿ’ಗೂ ‘ಡಿ’ಗೂ ಎಳೆಯಷ್ಟೂ ಸಂದಿಲ್ಲ.
ಸರ್ ಹೇಳಿದ್ದು, ಬಿಡು ಅಂತಲೇ; ತಪ್ಪಿದರೆ ಕಾಲು ಅಂಕ ಕಡಿತ.
ನಾನು ಬಿಡಲಿಲ್ಲ.
ಪ್ರಶ್ನೆಪತ್ರಿಕೆಯ ಅಂಚಿನಲ್ಲಿ
ಜೋಡಿ ಜೋಡಿ ಅಂಕಿ ಕಟ್ಟಿದೆ, ಗೆರೆ ಎಳೆದೆ,
ಅಗೆಯುತ್ತ ಹೋದೆ.
ಗಂಟೆ ಹೊಡೆದಾಗ
ಇನ್ನೊಂದು ಜೋಡಿ ಸೊನ್ನೆ
ಕೆಳಗಿಳಿಸುವುದಿತ್ತು.