ಒಂದು ತೂತು ಕಾಣೆಯಾಗಿದೆ

ಮೀನಿಗೆ ಹೊಗೆ ಹಾಕುತ್ತಿದ್ದ ಗೋದಾಮು.
ಮೂರು ಪದರ ಬಿಳಿ ಬಳಿದರೂ
ಗ್ರಿಮ್ಸ್‌ಬಿಯ ಈ ಗೋಡೆ ಇನ್ನೂ ಹ್ಯಾಡಕ್ ನಾರುತ್ತದೆ.
ಅದರ ಮೇಲೆ ಹನ್ನೊಂದು ಜನರ ಕಲೆ.
ಬ್ರಿಟನ್ನಿನ ಈ ಹೊತ್ತು, ಅನ್ನುತ್ತದೆ ಬಾಗಿಲ ಬ್ಯಾನರು.

ನಾನು ಕಾವಲಿನವ. ಗಂಟೆಯ ಲೆಕ್ಕದ ಕೂಲಿ,
ಒಂದು ಮಡಚು ಕುರ್ಚಿ,
ಒಂದೇ ಮಂತ್ರ: ದಯವಿಟ್ಟು ಮುಟ್ಟಬೇಡಿ.

ಮೊದಲ ಕೋಣೆಯಲ್ಲಿ ಬರ್ಮಿಂಗ್‌ಹ್ಯಾಮಿನ ಹುಡುಗಿ
ಅಜ್ಜನ ಬಸ್ ಕಂಡಕ್ಟರ್ ಕೋಟನ್ನು ಉಪ್ಪಿನಲ್ಲಿ ಹೂತಿದ್ದಾಳೆ.
ಪಕ್ಕದಲ್ಲಿ ಇನ್ನೊಬ್ಬ ನಾಲ್ಕು ತಾಸು
ಕೆಟಲ್ ಕುದಿಯುವುದನ್ನೇ ವಿಡಿಯೋ ಮಾಡಿದ್ದಾನೆ;
ದಿನಕ್ಕೆರಡು ಸಲ ನೋಡಿ ನೋಡಿ
ನನಗೆ ಚಹಾ ಬಿಟ್ಟೇಹೋಗಿದೆ.

ಕೊನೆಯ ಕೋಣೆಯಲ್ಲಿ ಬಲೆ.
ಕಿತ್ತಳೆ ನೈಲಾನು, ಸೂರಿನಿಂದ ನೆಲದ ತನಕ.
ಕಟ್ಟಿದವಳು ಲಂಡನ್ನಿನ ಟ್ಯಾಮ್ಸಿನ್ ಓಕ್ಸ್.
ಎದೆಯ ಮಟ್ಟಕ್ಕೆ, ತಲೆ ತೂರುವಷ್ಟು ಹರುಕು.

ಮಂಗಳವಾರ, ಜನವಿಲ್ಲದ ಹೊತ್ತು,
ಹೆಟ್ಟಿ ಕಾಲ್‌ಬೆಕ್ ಬಂದಳು. ಎಂಬತ್ತಾರು.
ಕೊರಳಲ್ಲಿ ಬಸ್ ಪಾಸು.
ಲೆಕ್ಕ ತಿದ್ದುವ ಮೇಷ್ಟರ ಹಾಗೆ ಬಲೆಯ ಮುಂದೆ ನಿಂತು
"ಗಂಟು ಪರವಾಗಿಲ್ಲ," ಅಂದಳು, "ಕಲಿತಿದ್ದಾಳೆ ಯಾರ ಹತ್ತಿರವೋ.
ಇದನ್ನು ಮಾತ್ರ ಹೀಗೆ ಬಿಟ್ಟು ಹೋಗೋದಾ?"

ಗೋಡೆಯ ಚೀಟಿ ನಾನೇ ಓದಿ ಹೇಳಿದೆ:
ಇಲ್ಲವಾದವರ ಆಕಾರ, ಇತ್ಯಾದಿ.
"ಇಲ್ಲಿಂದ ಹೋಗೋದು ಮೀನು," ಅಂದಳು.
"ಹೋದ ಗಂಡಸರಿಗೆ ತೂತು ಬೇಕಿರಲಿಲ್ಲ."

ಚೀಲದಿಂದ ತೆಗೆದಳು ಮರದ ಬಲೆಸೂಜಿ,
ಬೆರಳಿಗೆ ಸವೆದು ಹೊಳೆವ ಬೆನ್ನು,
ಹೊಟ್ಟೆ ತುಂಬ ಹಸಿರು ದಾರ.
ಹದಿನೈದರಿಂದ ಅರವತ್ತರ ತನಕ ಇದೇ ಕೆಲಸ,
ಅಡುಗೆಮನೆ ಬಾಗಿಲ ಹಿಡಿಗೆ ಬಲೆ ಕಟ್ಟಿಕೊಂಡು,
ಎಂದಳೋ, ಕೈ ಎಂದಿತೋ.

ನಾನು ಏಳಬೇಕಿತ್ತು.
ಮಂತ್ರ ನಾಲಿಗೆ ತುದಿಗೆ ಬಂದು
ಅಲ್ಲೇ ಕುಕ್ಕರಗಾಲಲ್ಲಿ ಕೂತಿತು.
ಹಾಕು, ಎಳೆ, ಬಿಗಿ. ಹಾಕು, ಎಳೆ, ಬಿಗಿ.
ತಲೆಯಷ್ಟಿದ್ದದ್ದು ಮುಷ್ಟಿಯಷ್ಟಾಗಿ, ಕಣ್ಣಿಯಷ್ಟಾಗಿ
ಬರೀ ಬಲೆಯಾಯಿತು.
ದಾರ ಹಲ್ಲಲ್ಲಿ ಕಡಿಯಲು ಹೋಗಿ
ಕಟ್ಟಿಸಿದ ಹಲ್ಲು ನೆನಪಾಗಿ, ನಕ್ಕು,
ಕತ್ತರಿ ಕೇಳಿದಳು.
ಕೊಟ್ಟೆ.

ಈಗ ಫಾರಂ ತುಂಬಬೇಕು, ವಿಮೆಯವರಿಗೆ.
ಕೃತಿ: ಹತ್ತನೆಯದು.
ಹಾನಿಯ ವಿವರ: ಒಂದು ತೂತು ಕಾಣೆಯಾಗಿದೆ.
ಕಾವಲಿನವ ಎಲ್ಲಿದ್ದ: ಕುರ್ಚಿಯಲ್ಲಿ.
ಅಂದಾಜು ನಷ್ಟ:

ನಾಳೆ ಮೊದಲ ರೈಲಿಗೆ ಬರುತ್ತಾಳಂತೆ ಟ್ಯಾಮ್ಸಿನ್, ಮತ್ತೆ ಹರಿಯಲು.
ಕತ್ತರಿಯನ್ನು ನಾನು ಚಹಾ ಡಬ್ಬಿಯ ಹಿಂದೆ ಇಟ್ಟಿದ್ದೇನೆ.