ಮೂಡಣ ಗಾಳಿಯ ಹೇಳಿಕೆ

ಹೆಣ ಸಿಕ್ಕಿದ್ದು ತೂಬಿನ ಬಾಯಲ್ಲಿ,
ಇಳಿತದ ನೀರು ಎಳೆದೂ ಎಳೆದೂ ಸಾಕಾಗಿ ಬಿಟ್ಟುಹೋದ ಹಾಗೆ.
ಬ್ಲೇಝ್ ಕೆರ್‌ಗೋವಾ, ಉಪ್ಪಿನ ಸಗಟು ವ್ಯಾಪಾರಿ, ಐವತ್ತೆಂಟು.
ಒಂದು ಬೂಟು ಇದೆ, ಇನ್ನೊಂದಿಲ್ಲ.
ತಲೆಯ ಹಿಂದೆ ಗೋರುಮಣೆಯ ಅಂಚಿನಷ್ಟೇ ಅಗಲದ ಗಾಯ.
ನಾಂತ್‌ನಿಂದ ನನ್ನನ್ನೇ ಕಳಿಸಿದರು:
"ನಿಮ್ಮೂರ ಕಡೆಯದಲ್ಲವೇ, ಗೋಲ್ವೆನ್? ಜನ ಬಾಯಿ ಬಿಟ್ಟಾರು."
ಬ್ರಿಟನಿಯ ಉಪ್ಪಾಗರದ ಜನ ಬಾಯಿ ಬಿಡುವುದು
ಸಿಂಪಿ ತಿನ್ನಲು ಮಾತ್ರ, ಅಂದೆ.
ಯಾರೂ ನಗಲಿಲ್ಲ.

ಸಾಕ್ಷಿಗಳ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ನಿನ್ನದು.
ಹತ್ತೊಂಬತ್ತು ವರ್ಷ ಬರೆಯದ ಹೆಸರನ್ನು
ಸರ್ಕಾರಿ ಪೆನ್ನಿನಲ್ಲಿ ಬರೆದೆ:
ಯುವೆನ್. ಉಪ್ಪಿನ ಕಸುಬು. ಒಂಟಿ.
'ಒಂಟಿ' ಎಂಬಲ್ಲಿ ಶಾಯಿ ಸ್ವಲ್ಪ ಹೆಚ್ಚೇ ಇಳಿಯಿತು.

ಬಾಗಿಲು ತೆರೆದೆ ನೀನು. ಅಂಗೈ ಇನ್ನೂ ಹಾಗೇ,
ಬಿರುಕುಗಳೊಳಗೆಲ್ಲ ಬಿಳಿ.
"ಬಾ" ಅನ್ನಲಿಲ್ಲ, "ಬನ್ನಿ" ಅಂದೆ.
ಆ ಬಹುವಚನ ನನ್ನ ಹೆಗಲ ಮೇಲೆ
ಒದ್ದೆ ಕೋಟಿನ ಹಾಗೆ ಕೂತಿತು.

ಗುರುವಾರ ರಾತ್ರಿ ಎಲ್ಲಿದ್ದಿರಿ?
ಮಲಗಿದ್ದೆ.
ಒಬ್ಬರೇ?
ಒಬ್ಬನೇ.
ಸುಳ್ಳು. ಸುಳ್ಳು ಹೇಳುವಾಗ ನೀನು
ಎಡಗಿವಿ ಮುಟ್ಟಿಕೊಳ್ಳುತ್ತೀ.
ಇದು ಯಾವ ತನಿಖೆಯ ಕೈಪಿಡಿಯಲ್ಲೂ ಇಲ್ಲ,
ವರದಿಯಲ್ಲಿ ಬರೆಯುವಂತೆಯೂ ಇಲ್ಲ.

ಮೂರನೆಯ ದಿನ ನಿಜ ಹೇಳಿದೆ:
ಲಾರಿ ಓಡಿಸುವವನೊಬ್ಬ, ಹೆಂಡತಿ ಮಕ್ಕಳುಳ್ಳವನು,
ಗುರುವಾರಗಳಲ್ಲಿ ಬರುತ್ತಾನೆ.
ಅವನಿಗೆ ನಾನೇ ಫೋನು ಮಾಡಬೇಕಾಯಿತು.
"ಹೌದು, ಬೆಳಗಿನ ಐದರವರೆಗೆ," ಎಂದ ದನಿ ತಗ್ಗಿಸಿ.
ಅಲ್ಲಿಗೆ ನೀನು ನಿರಪರಾಧಿ.
ಹೊಟ್ಟೆಕಿಚ್ಚಿಗೆ ಜಾಮೀನು ಕೊಡುವ ಕೋರ್ಟು ಎಲ್ಲಿದೆಯೋ ಎಂದು
ಬದುಗಳ ಮೇಲೆ ಕತ್ತಲಾಗುವತನಕ ನಡೆದೆ.

ಅಲ್ಲಿ ನೆನಪಾಯಿತು.
ಇಪ್ಪತ್ತೆರಡರ ನೀನು, ಇದೇ ಬದು, ಅಂಗಿಯಿಲ್ಲ,
ಪಾತಿಯ ನೀರಿನ ಮೇಲೆ ಕೆನೆಗಟ್ಟಿದ್ದನ್ನು ತೋರಿಸುತ್ತಾ:
"ಉಪ್ಪು ಹೂ ಬಿಡೋದು ಮೂಡಣ ಗಾಳಿಗೆ ಮಾತ್ರ ಕಣೋ,
ಪಡುವಣ ಬೀಸಿದರೆ ಇಲ್ಲ. ಮೂಸಿ ನೋಡು,
ವಯೊಲೆಟ್ ಹೂವಿನ ವಾಸನೆ."
ನಾನು ಮೂಸಿದ್ದು ನಿನ್ನ ಬೆರಳು.

ಮೊದಲನೆಯ ಸಾಕ್ಷಿ, ಸೊಸೈಟಿಯ ತೂಕದ ಗಿರೆಕ್, ಹೇಳಿದ್ದ:
ಗುರುವಾರ ಸಂಜೆಯೆಲ್ಲ ನನ್ನ ಪಾತಿಯಲ್ಲಿ
ಹೂ ತೆಗೆಯುತ್ತಿದ್ದೆ, ಸಾಹೇಬರೇ.
ದೀಪಸ್ತಂಭದಿಂದ ಹವಾಮಾನದ ದಾಖಲೆ ತರಿಸಿದೆ.
ಪಡುಗಾಳಿ. ಮಂಜು. ಇಡೀ ಸಂಜೆ.
ಅಂದು ಈ ಆಗರದಲ್ಲಿ ಒಂದು ಚಮಚ ಹೂವೂ ಹುಟ್ಟಿರಲಿಲ್ಲ.
ಆಮೇಲೆ ಎಲ್ಲ ಸಲೀಸು: ಅವನ ಹಿತ್ತಿಲಲ್ಲಿ ಬೂಟು,
ತೂಕದ ಪುಸ್ತಕದಲ್ಲಿ ಹನ್ನೊಂದು ವರ್ಷದ ಕಳ್ಳ ಲೆಕ್ಕ,
ಅದನ್ನು ಕೂಡಿಸಿ ಕಳೆದು ನೋಡಿದ್ದ ಬ್ಲೇಝ್.
ಕೋಳ ತೊಡಿಸುವಾಗ ಗಿರೆಕ್ ಕೇಳಿದ್ದು ಒಂದೇ, ನೀರು.
ಉಪ್ಪು ತಿಂದವನು ಕುಡಿಯಲೇಬೇಕು.
ತಂದುಕೊಟ್ಟೆ. ಗಟಗಟ ಕುಡಿದ.

ಬುಧವಾರ ಕಡತ ಮುಚ್ಚಿ ನಿನ್ನ ಬಾಗಿಲಿಗೆ ಬಂದೆ.
ಸಹಿ ಬೇಕಿತ್ತು, ಎಂದು ನೆಪ.
ಅಂದು ಹೇಳದೆ ಕೇಳದೆ ರೈಲು ಹತ್ತಿದವನು ನಾನು;
ಆ ಕೇಸನ್ನು ಯಾರೂ ದಾಖಲಿಸಲಿಲ್ಲ.
ನೀನು ಕಾಗದ ನೋಡಲಿಲ್ಲ.
ಅಂಚು ಸೀಳಿದ ಲೋಟದಲ್ಲಿ ನೀರು ತಂದಿಟ್ಟು
"ಕುಡಿ" ಅಂದೆ. ಏಕವಚನ.

ಕುಡಿದೆ. ತುಟಿಗೆ ಸೀಳು ತಾಗಿತು.
"ನಾಳೆ ಗುರುವಾರ," ಅಂದೆ ನಾನು, ಲೋಟ ನೋಡುತ್ತಾ.
ನಿನ್ನ ಕೈ ಕಿವಿಯತ್ತ ಹೋಗಲಿಲ್ಲ.
"ನಾಳೆ ಮೂಡಣ ಗಾಳಿ. ಸಂಜೆ ಇಬ್ಬರಿಗಾಗುವಷ್ಟು ಕೆಲಸ.
ಗೋರುಮಣೆ ಮಾತ್ರ ಒಂದೇ ಇದೆ.
ಇನ್ನೊಂದನ್ನು ನೀನೇ ಜಪ್ತಿ ಮಾಡಿದ್ದೀಯಲ್ಲ,
ಬರುವಾಗ ತಗೊಂಡು ಬಾ."